ಕಲಮು ಹದಿನಾಲ್ಕು

ಜೂನ್ 1, ಬೆಳಿಗ್ಗೆ

ಚಹಾ ಮುಗಿಯುವ ಮೊದಲೇ ಏಜೆಂಟ್ ಪಿಂಗಳೆ ಹಾಜರು. ಲ್ಯಾಪ್‌ಟಾಪು, ಹೆಬ್ಬೆಟ್ಟಿನ ಮಷೀನು. ಮಹಡಿಯ ಎರಡು ಕೋಣೆಗೆ ಹೊಸ ಬಾಡಿಗೆದಾರರು — ದತ್ತಾರಾಮ ಖೋತ್, ಹೆಂಡತಿ ಸುಲಭಾ. ಕೊಂಕಣದವರು, ಚಿಪಳೂಣ ಕಡೆ. ಪುಣೆಯ ಪದ್ಧತಿಯಂತೆ ಹನ್ನೊಂದು ತಿಂಗಳ ಕರಾರು. ಒಂದು ದಿನವೂ ಹೆಚ್ಚಿಲ್ಲ.

ಕಲಮು ಹದಿನಾಲ್ಕು ನಾನೇ ಹೇಳಿ ಬರೆಸಿದ್ದು. ರಿಪೇರಿ ಮಾಡಬಾರದು, ಬಾಗಿಲಿಗೆ ಹೆಸರಿನ ಫಲಕ ಹಾಕಬಾರದು, ತುಳಸಿ ನೆಡಬಾರದು, ಗಣಪತಿ ಕೂರಿಸಬಾರದು.

"ಉಸಿರಾಡಬಹುದಾ ಅಂತಾನೂ ಒಂದು ಸಾಲು ಬರೆಸಿಬಿಡಿ ಕಾಕೂ," ಅಂದ ಪಿಂಗಳೆ.

ನಗಲಿ. ಅಪ್ಪನ ವಾಡೆಯ, ಆ ಹಳೇ ದೊಡ್ಡ ಮನೆಯ ಕಥೆ ಅವನಿಗೇನು ಗೊತ್ತು? ಬರೀ ಬಾಯಿಮಾತಿನ ಮೇಲೆ ಜೋಗಳೇಕರನಿಗೆ ಮುಂಭಾಗ ಬಾಡಿಗೆಗೆ ಕೊಟ್ಟರು. ಅವನು ಮೊದಲು ಹೆಂಚು ಬದಲಿಸಿದ. ಆಮೇಲೆ ಫಲಕ. ಆಮೇಲೆ ಗಣಪತಿ. ಕೊನೆಗೆ ಕೋರ್ಟಿನಲ್ಲಿ ನಿಂತು ಮನೆಯೇ ನನ್ನದು ಅಂದ. ಅಪ್ಪ ಹಿಂದಿನ ಕತ್ತಲೆ ಕೋಣೆಯಲ್ಲಿ ಸತ್ತರು. ಹಾಲಿಗೆ ಬಾಯಿ ಸುಟ್ಟುಕೊಂಡವಳು ನಾನು, ಮಜ್ಜಿಗೆಯನ್ನೂ ಊದಿಯೇ ಕುಡಿಯುತ್ತೇನೆ. ನಮ್ಮ ಯಜಮಾನರು ಬಿಟ್ಟುಹೋದದ್ದು ಈ ಮನೆಯೊಂದೇ.

ಖೋತ್ ಕರಾರನ್ನು ಪೂರ್ತಿ ಓದಿದ. ಎರಡು ಸಲ. ಯಾವ ಬಾಡಿಗೆದಾರ ಓದುತ್ತಾನೆ? ಯಾಕೆ ಓದಿದ?

ಜುಲೈ 9

ಮೇಲಿನ ನಲ್ಲಿ ಸೋರುವುದು ನಿಂತಿದೆ. ಪ್ಲಂಬರನ್ನು ನಾನು ಕರೆದೇ ಇಲ್ಲ!

"ನಾನೇ ವಾಷರ್ ಹಾಕ್ದೆ ಕಾಕೂ," ಅಂದ ಖೋತ್. "ಟಪ್ ಟಪ್ ಅಂತಿತ್ತು."

"ಯಾರನ್ನ ಕೇಳಿ?"

ತಲೆ ಕೆರೆದುಕೊಂಡ. ಜೋಗಳೇಕರನೂ ಹೀಗೇ, ಬೆಣ್ಣೆಯಂಥ ಮನುಷ್ಯ. ಪ್ಲಂಬರನ್ನು ಕರೆಸಿ ಆ ವಾಷರ್ ತೆಗೆಸಿದೆ.

"ಚೆನ್ನಾಗೇ ಇದೆಯಲ್ಲ ಇದು," ಅಂದ ಪ್ಲಂಬರು.

"ಅದಕ್ಕೇ ತೆಗಿ ಅಂದಿದ್ದು."

ಹೊಸದು ಹಾಕಿಸಿ, ಖೋತನ ವಾಷರನ್ನು ಕಾಗದದಲ್ಲಿ ಸುತ್ತಿ ಅವನ ಕೈಗೇ ಕೊಟ್ಟೆ.

ಸೆಪ್ಟೆಂಬರ್ 5

ಕೊಂಕಣದವರೆಲ್ಲ ಗಣಪತಿಗೆಂದು ಊರಿಗೆ ಹೊರಟಾಯಿತು. ರಜೆ ಸಿಗದಿದ್ದರೆ ಕೆಲಸ ಬಿಟ್ಟಾದರೂ ಹೋಗುವ ಜನ. ಮಹಡಿಯ ಮೇಲೆ ಮಾತ್ರ ಸದ್ದಿಲ್ಲ. ಸುಲಭಾ ಬಟ್ಟೆ ಮಡಚುತ್ತಿದ್ದಳು.

"ಊರಿಗೆ ಯಾವಾಗ ಹೊರಡ್ತೀಯೇ?"

"ಈ ಸಲ ಇಲ್ಲ ಕಾಕೂ."

"ಯಾಕೆ?"

"ಹಾಗೇ."

ಹಾಗೇ ಅಂತೆ! ಚೌತಿಗೆ ಊರಿಗೆ ಹೋಗದ ಕೊಂಕಣದವನನ್ನು ನಾನು ಕಂಡೇ ಇಲ್ಲ. ಊರಲ್ಲಿ ಮನೆ ಇಲ್ಲ ಅಂತಲೇ ಅರ್ಥ. ಅಲ್ಲಿ ಮನೆ ಇಲ್ಲದವನು ಇಲ್ಲಿಂದ ಏಳುತ್ತಾನೆಯೇ?

ಸೆಪ್ಟೆಂಬರ್ 7, ಬೆಳಿಗ್ಗೆ ಎಂಟು

ಅಂದುಕೊಂಡಂತೆಯೇ ಆಯಿತು. ಖೋತ್ ಟೋಪಿ ಹಾಕಿಕೊಂಡು, ಕೈಯಲ್ಲಿ ಗಣಪತಿ ಹಿಡಿದು ಬಂದ. ಹಿಂದೆ ಸುಲಭಾ, ತಾಳ ಬಾರಿಸುತ್ತ. ನಾನು ಮೆಟ್ಟಿಲಿಗೆ ಅಡ್ಡ ನಿಂತೆ.

"ಒಂದೂವರೆ ದಿನದ್ದು ಕಾಕೂ. ನಾಳೆನೇ ಕಳಿಸಿಬಿಡ್ತೀವಿ."

"ಕರಾರು ಎರಡು ಸಲ ಓದಿದ್ರಲ್ಲ?"

"ಓದಿದ್ದೆ. ದೇವರಿಗೆ ಬೇಡ ಅನ್ನಲ್ಲ ಅಂದ್ಕೊಂಡೆ."

"ಅಂದ್ಕೊಂಡ್ರಿ. ಕೇಳಿದ್ರಾ?"

ತಾಳ ನಿಂತಿತು. ಖೋತ್ ಮೂರ್ತಿ ಹಿಡಿದುಕೊಂಡೇ ತಿರುಗಿದ. ಊರಂಚಿನ ಧಾಯರಿಯಲ್ಲಿ ಸುಲಭಾಳ ಅಕ್ಕನ ಮನೆಯಿದೆಯಂತೆ, ಅಲ್ಲಿಗೆ. ಬೀದಿಯವರೆಲ್ಲ ನೋಡಿದರು. ಬಾಗಿಲಿಗೆ ಬಂದ ದೇವರನ್ನು ತಿರುಗಿಸಿ ಕಳಿಸಿದವಳು ನಾನು. ಮೋದಕ ಮಾಡಿದ್ದೆ, ಹಾಗೇ ಮುಚ್ಚಿಟ್ಟೆ. ಆಗಲಿ. ಮನೆ ನನ್ನದಾಗಿಯೇ ಉಳಿಯಿತು.

ಏಪ್ರಿಲ್ 30

ಕರಾರು ಮುಂದುವರಿಸುವುದಿಲ್ಲ ಅಂತ ಮೊದಲೇ ಹೇಳಿದ್ದೆ. ತಕರಾರು ತೆಗೆದರೆ ಇರಲಿ ಅಂತ ಪಕ್ಕದ ಮನೆಯವರನ್ನೂ ಕರೆದು ಕೂರಿಸಿಕೊಂಡಿದ್ದೆ. ತಕರಾರೇ ಇಲ್ಲ. ಗುಡಿಸಿ ಸಾರಿಸಿದ ಕೋಣೆ, ಗೋಡೆಯಲ್ಲಿ ಒಂದು ಮೊಳೆಯಿಲ್ಲ. ಖೋತ್ ಬೀಗದ ಕೈ ಕೊಟ್ಟ. ಆಮೇಲೆ —

"ಕಲಮು ಹದಿನಾಲ್ಕು ಬರೆದುಕೊಟ್ಟ ವಕೀಲರು ಯಾರು ಕಾಕೂ?"

ಬಂತು ನೋಡಿ ಹಾವು ಹೊರಗೆ! "ಯಾಕೆ? ಯಾರ ಮೇಲೆ ಕೇಸು?"

"ಊರಿನ ನಮ್ಮ ಮನೇಲಿ ಬಾಡಿಗೆಯವನು ಕೂತುಬಿಟ್ಟಿದ್ದಾನೆ. ಅಪ್ಪ ಬಾಯಿಮಾತಲ್ಲಿ ಕೊಟ್ಟಿದ್ರು. ಈಗ ಒಳಗೇ ಬಿಡಲ್ಲ. ಗಣಪತಿ ಕೂರಿಸೋ ಮಣೆನೂ ಅಲ್ಲೇ ಇದೆ. ನಿಮ್ಮ ಥರ ಬರೆಸ್ಕೊಂಡಿದ್ರೆ..."

"ಆವತ್ತೇ ಒಂದು ಮಾತು ಹೇಳಬಾರದಿತ್ತೇನ್ರೀ?"

"ಹೇಳಿದ್ರೆ ನಂಬ್ತಿದ್ರಾ?"

ಇಲ್ಲ. ನಂಬುತ್ತಿರಲಿಲ್ಲ.

ಮೇ 3

ಸುಳ್ಳು ಹೇಳಿದ್ದರೆ? ಪಿಂಗಳೆಯ ಭಾವ ಚಿಪಳೂಣದಲ್ಲಿದ್ದಾನೆ. ನೋಡಿ ಬರಲು ಹೇಳಿಸಿದ್ದೆ. ನಿಜವಂತೆ. ಬಾಡಿಗೆಯವನು ಬಾಗಿಲಿಗೆ ತನ್ನ ಹೆಸರಿನ ಫಲಕ ಹಾಕಿಕೊಂಡಿದ್ದಾನಂತೆ. ಅವನ ಮನೆ ಹಾಳಾಗ! ಇಡೀ ದಿನ ಅಪ್ಪನದೇ ನೆನಪು.

ಮೇ 6

ಭಾನುವಾರ ಹೊಸ ಪಾರ್ಟಿ ತರುತ್ತೇನೆಂದ ಪಿಂಗಳೆ. ಬೇಡ ಅಂದೆ. ಖೋತ್ ಇನ್ನೂ ಧಾಯರಿಯಲ್ಲೇ, ಸುಲಭಾಳ ಅಕ್ಕನ ಮನೆಯಲ್ಲಿ ಇದ್ದಾನಂತೆ. ಫೋನು ಮಾಡಬೇಕು. ನಾಲಿಗೆ ತಡವರಿಸುತ್ತದೆ, ಅದಕ್ಕೇ ಹೇಳುವುದನ್ನು ಮೊದಲು ಬರೆದುಕೊಳ್ಳುತ್ತಿದ್ದೇನೆ. ಬರೆದದ್ದೇ ಗಟ್ಟಿ.

ಖೋತ್, ನಾನು ಓಗಲೆ ಕಾಕೂ. ಮೇಲಿನ ಕೋಣೆ ಖಾಲಿ ಇದೆ. ಹನ್ನೊಂದೇ ತಿಂಗಳು, ಬರವಣಿಗೆಯಲ್ಲೇ. ರಿಪೇರಿ, ಫಲಕ, ತುಳಸಿ — ಎಲ್ಲ ಮೊದಲಿನಂತೆಯೇ, ಅದರಲ್ಲಿ ಮಾತಿಲ್ಲ. ಆದರೆ ನನ್ನ ಅಟ್ಟದ ಮೇಲೆ ಅಪ್ಪನ ಮಣೆ ಒಂದಿದೆ. ಇಳಿಸಿ, ಒರೆಸಿ ಇಟ್ಟಿದ್ದೇನೆ. ಬರುವ ಚೌತಿಗೆ ನೀವು ಅದರ ಮೇಲೆ ಗಣಪತಿ ಕೂರಿಸಿ.