ಒಂದೇ ಒಲೆಯ ಮನೆ

12 ಫೆಬ್ರವರಿ 1998, ಗುರುವಾರ. ಬೆಳಿಗ್ಗೆ ಐದೂವರೆ

ಒಟ್ಟು ಏಳು ಲಕ್ಷ ಮೂವತ್ತೆಂಟು ಸಾವಿರ. ನಿನ್ನೆ ಷಾಮಿಯಾನದವನು ಬಂದು ಕೊನೇ ಬಾಕಿ ಎಣಿಸಿಕೊಂಡು ಹೋದ, ಲೆಕ್ಕ ಮುಚ್ಚಿದೆ. ಇದರಲ್ಲಿ ತಮ್ಮ ಮುನೀಂದ್ರನ ಪಿ.ಎಫ್. ಸಾಲ ಇದೆ, ನನ್ನ ಹೆಂಡತಿ ಸುಕನ್ಯಳ ಎರಡೆಳೆ ಸರ ಇದೆ. ಗೃಹಪ್ರವೇಶದ ದಿನ ಒಳಗೆ ಬರಲು ಒಪ್ಪದ ಹಸುವಿಗೆ ತಿನ್ನಿಸಿದ ಬಾಳೆಹಣ್ಣೂ ಇದೆ. ಜಾಗಕ್ಕೆ ಮಾತ್ರ ಕಾಸಿಲ್ಲ. ಕಲ್ಕೆರೆಯಲ್ಲಿ ಅಜ್ಜ ರಾಗಿ ಬೆಳೆಯುತ್ತಿದ್ದ ಹೊಲ, ಮಾರದೆ ಉಳಿದಿದ್ದ ಕೊನೇ ತುಂಡು.

ಎಲ್ಲರೂ ಮಲಗಿದ್ದಾರೆ. ನಾನೊಬ್ಬ ನೀರಿನ ಲೋಟ ಹಿಡಿದು ರೂಮಿಂದ ರೂಮಿಗೆ ಓಡಾಡುತ್ತಿದ್ದೇನೆ. ಹಲಸೂರಿನ ಬಾಡಿಗೆ ಮನೆಯಲ್ಲಿ ಎದ್ದರೆ ಯಾರದಾದರೂ ಕಾಲು ತುಳಿಯಬೇಕಿತ್ತು. ಇಲ್ಲಿ ಕೆಮ್ಮಿದರೆ ಕೆಮ್ಮು ಮೆಟ್ಟಿಲು ಹತ್ತಿ ಹೋಗಿ, ಮೇಲೆ ಸ್ವಲ್ಪ ಹೊತ್ತು ನಿಂತು, ಯಾರೂ ಮಾತಾಡಿಸಲಿಲ್ಲವೆಂದು ವಾಪಸ್ ಬರುತ್ತದೆ. ಸುಣ್ಣದ ವಾಸನೆ. ಗೋಡೆ ಮುಟ್ಟಿದರೆ ಕೆರೆಯಿಂದ ಆಗಷ್ಟೇ ಎದ್ದು ಬಂದ ಎಮ್ಮೆಯ ಮೈ. ಇದೆಲ್ಲ ನನ್ನದೇ? ಎರಡು ಸಲ ಕೇಳಿಕೊಂಡೆ. ರಸೀದಿಗಳು ಹೌದು ಅನ್ನುತ್ತಿವೆ.

15 ಫೆಬ್ರವರಿ, ಭಾನುವಾರ

ಬೆಳಿಗ್ಗೆ ಸಂಪಿನ ಮುಚ್ಚಳ ತೆಗೆದಿತ್ತು. ಬಿಸಿಲು ನೀರಿಗೆ ಬಿದ್ದು, ಅಲ್ಲಿಂದ ಕಿಟಕಿ ಹಾದು, ಹಾಲಿನ ಸೀಲಿಂಗಿನಲ್ಲಿ ಅಲುಗಾಡುತ್ತಿತ್ತು. ನಮ್ಮ ಮಕ್ಕಳು ಮೊದಲು ನೋಡಿದವು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಚಾಪೆಯ ಮೇಲೆ ಅಂಗಾತ ಮಲಗಿ ನೋಡಿದೆವು. ಮುನೀಂದ್ರನೂ, ಅವನ ಹೆಂಡತಿ ರಮ್ಯಶ್ರೀಯೂ ಮಹಡಿಯಿಂದ ಇಳಿದು ಬಂದರು.

"ಕೆರೆ ಮನೆಯೊಳ್ಗೇ ಬಂತಲ್ಲೋ" ಅಂದಳು ಅಮ್ಮ. ಬೆಳಕು ಜರುಗುವವರೆಗೂ ಹಾಗೇ ಮಲಗಿದ್ದೆವು.

ಇದಕ್ಕೇ ಅಲ್ಲವೇ ಕಟ್ಟಿಸಿದ್ದು. ಕೆಳಗೆ ನಾವು, ಅಮ್ಮ. ಮೇಲೆ ಅವರಿಬ್ಬರ ರೂಮು, ಪಕ್ಕದಲ್ಲಿ ಖಾಲಿ ಸಣ್ಣ ರೂಮು. ಅಡುಗೆಮನೆ ಕೆಳಗೆ, ಒಂದೇ, ದೊಡ್ಡದು. ಗೃಹಪ್ರವೇಶದ ದಿನ ಮೈಕ್ ಸೆಟ್ಟಿನವನ ಕೈಯಿಂದ ಮೈಕ್ ಕಿತ್ತುಕೊಂಡು ಹೇಳಿದ್ದೆ — ಇದು ಒಂದೇ ಒಲೆಯ ಮನೆ. ಊರವರು ಚಪ್ಪಾಳೆ ತಟ್ಟಿದರು. ಅರ್ಧ ಊಟಕ್ಕೆ, ಅರ್ಧ ನನಗೆ.

ನನಗೆ ಗೊತ್ತಿರುವಷ್ಟು ಇವರಿಗೆ ಗೊತ್ತಿಲ್ಲ. ಶಿವಾಜಿನಗರದಲ್ಲಿ ನನ್ನ ಅಂಗಡಿ. ಹಳೇ ಬಂಗಲೆಗಳ ಬಾಗಿಲು, ಕಿಟಕಿ ಕೊಂಡು ಮಾರುವುದು. ಬಂಗಲೆ ಯಾಕೆ ಒಡೆಯುತ್ತಾರೆ? ಗೆದ್ದಲು ಹಿಡಿದು ಅಲ್ಲ. ಅಣ್ಣತಮ್ಮಂದಿರಿಗೆ ಹೊಂದದೆ. ಮೊದಲು ಒಲೆ ಬೇರೆ, ಆಮೇಲೆ ಮೀಟರು ಬೇರೆ, ಆಮೇಲೆ ಗೇಟು ಬೇರೆ, ಕೊನೆಗೆ ನನಗೆ ಫೋನು. ಬೇರೆಯವರ ಮನೆ ಮುರಿದ ಕಾಸಿನಲ್ಲೇ ನನ್ನ ಮನೆ ಎದ್ದಿದ್ದು, ಸುಳ್ಳು ಯಾಕೆ. ಅದಕ್ಕೇ ಆ ಮೊದಲನೆಯದೇ ಬೇಡ ಅಂತ.

22 ಫೆಬ್ರವರಿ, ಭಾನುವಾರ. ಸಂಜೆ

ಪೇಪರ್ ಹಿಡಿದು ಹಾಲಿನಲ್ಲಿ ಕೂತಿದ್ದೆ, ಪಕ್ಕದಲ್ಲಿ ಸುಕನ್ಯ. ಅರ್ಧ ನಿದ್ದೆ. ರಮ್ಯಶ್ರೀ ಮೆಟ್ಟಿಲಿಳಿದು ಬಂದಳು.

"ಅಕ್ಕಾ, ಕಾಫಿ ಇಟ್ಕೊಳ್ಲಾ?"

"ಇಟ್ಕೋ. ಹಾಲು ಕಮ್ಮಿ ಇದೆ, ನೋಡ್ಕೊಂಡ್ ಹಾಕು."

"ಸಕ್ಕರೆ..."

"ಮೇಲಿನ ಡಬ್ಬ. ಸಣ್ಣದಲ್ಲ, ಅದು ಪೂಜೇದು."

ಕಾಫಿ ಮಾಡಿದಳು, ಕಟ್ಟೆ ಒರೆಸಿದಳು, ಲೋಟ ಹಿಡಿದು ಮೇಲೆ ಹೋದಳು. ಸುಕನ್ಯ ಒಳಗೆ ಹೋಗಿ ಅದೇ ಕಟ್ಟೆಯನ್ನು ಇನ್ನೊಂದು ಸಲ ಒರೆಸಿದಳು. ಅಷ್ಟೇ. ಇದರಲ್ಲಿ ಜಗಳ ಎಲ್ಲಿದೆ? ಹುಡುಕಿದೆ, ಸಿಗಲಿಲ್ಲ. ಹಾಗಂತ ಸಮಾಧಾನವೂ ಆಗಲಿಲ್ಲ. ನಾಳೆಯೂ ಕೇಳುತ್ತಾಳೆ, ನಾಡಿದ್ದೂ ಕೇಳುತ್ತಾಳೆ. ನರ್ಸರಿ ಸ್ಕೂಲಿನಲ್ಲಿ ಮೂವತ್ತು ಮಕ್ಕಳನ್ನು ಸುಮ್ಮನೆ ಕೂರಿಸುವ ಟೀಚರು. ಇಲ್ಲಿ ಅವಳ ಧ್ವನಿಯೇ ಬೇರೆ.

9 ಮಾರ್ಚ್, ಸೋಮವಾರ

ಬರೆಯಲು ಆಗಿಲ್ಲ. ರಿಚರ್ಡ್ಸ್ ಟೌನಿನಲ್ಲಿ ಒಂದು ಬಂಗಲೆ. ಒಳ್ಳೇ ಮಾಲು, ಎಲ್ಲ ಬರ್ಮಾ ತೇಗ. ಮಾಲೀಕರು ಅಣ್ಣ ತಮ್ಮ, ಇಬ್ಬರೂ ತಲೆ ನರೆತವರು. ಪೋರ್ಟಿಕೋದ ಆ ಕಡೆ ಒಬ್ಬ, ಈ ಕಡೆ ಒಬ್ಬ.

"ಅವ್ರಿಗ್ ಹೇಳಿ, ಮುಂಬಾಗ್ಲು ನನ್ ಶೇರು" ಅಂದ ಅಣ್ಣ, ನನಗೆ.

ತಮ್ಮ ಕೈಗೆಟುಕುವಷ್ಟು ಹತ್ತಿರದಲ್ಲಿ ನಿಂತಿದ್ದ. ಆದರೂ ಹೇಳಿದೆ. ವ್ಯಾಪಾರದಲ್ಲಿ ಇದೂ ಒಂದು ಕೂಲಿ.

ಟೆಂಪೋದಲ್ಲಿ ಬಾಗಿಲುಗಳಿಗೆ ಒರಗಿ ಬರುವಾಗ ಜೋಂಪು ಹತ್ತಿತು. ಕನಸು. ನಮ್ಮ ಮನೆ ಕೆರೆಯ ಮೇಲೆ ತೇಲುತ್ತಿದೆ, ಮೆಲ್ಲಗೆ, ಒಳಗಿರುವವರಿಗೂ ಗೊತ್ತಾಗದ ಹಾಗೆ. ನೋಡನೋಡುತ್ತ ಮಹಡಿ ಬಿಚ್ಚಿಕೊಂಡು ಬೇರೆ ದಿಕ್ಕಿಗೆ ಹೊರಟಿತು. ಮುನೀಂದ್ರ ಬಾಲ್ಕನಿಯಲ್ಲಿ ನಿಂತು ಟಾಟಾ ಮಾಡುತ್ತಿದ್ದಾನೆ. ನಾನೂ ಮಾಡಿದೆ. ಕನಸಿನಲ್ಲಿ ಬೇಜಾರೇ ಆಗಲಿಲ್ಲ, ಎಷ್ಟು ಚೆನ್ನಾಗಿ ತೇಲುತ್ತಿದೆಯಲ್ಲ ಅನ್ನಿಸಿತು. ಎಚ್ಚರವಾದಾಗ ಕೋಲ್ಸ್ ಪಾರ್ಕ್ ಹತ್ತಿರ ಟೆಂಪೋ ನಿಂತಿತ್ತು. ಬೇಜಾರು ಆಗ ಬಂತು.

14 ಮಾರ್ಚ್, ಶನಿವಾರ

ಪಕ್ಕದ ಅಂಗಡಿಯ ಇನಾಯತ್ ಉಲ್ಲಾ, ಹಳೇ ಫ್ಯಾನು ಮಾರುವವನು, ಮಧ್ಯಾಹ್ನ ಸ್ಟೂಲು ಎಳೆದುಕೊಂಡು ಬಂದು ಕೂತ.

"ರಾಮಾಂಜಿ, ಒಂದ್ ಮಾತು. ಬೇಜಾರ್ ಮಾಡ್ಕೋಬಾರ್ದು."

"ಬೇಜಾರಿನ ಮಾತಾದ್ರೆ ಚಾ ಕುಡ್ಸಿ ಹೇಳು."

ಚಾ ತರಿಸಿದ. ಅಲ್ಲೇ ಅರ್ಥವಾಗಬೇಕಿತ್ತು, ಅವನು ಕಾಸು ಬಿಚ್ಚುವವನಲ್ಲ.

"ಬಾಣಸವಾಡಿಲಿ ನಮ್ ತಂಗಿ ಮನೆ ಮಹಡಿ ಖಾಲಿ ಇದೆ. ನೋಡಕ್ಕೆ ಒಂದ್ ಜೋಡಿ ಬಂದಿತ್ತು. ನಿನ್ ತಮ್ಮ, ಅವನ್ ಹೆಂಡ್ತಿ."

"ಯಾರೋ ಫ್ರೆಂಡ್ಸಿಗೆ ನೋಡಿರ್ತಾರೆ."

"ಅಡುಗೆಮನೇಲೇ ಹತ್ ನಿಮಿಷ ನಿಂತಿದ್ಲಂತೆ ಹುಡುಗಿ. ಫ್ರೆಂಡ್ಸಿಗೆ ಯಾರ್ ಅಷ್ಟ್ ಹೊತ್ ನಿಲ್ತಾರೆ ಗುರೂ?"

ಅಡ್ವಾನ್ಸ್ ಕೊಟ್ಟಿಲ್ಲವಂತೆ. ಒಂದನೇ ತಾರೀಕಿಗೆ ಹೇಳುತ್ತೇವೆ ಅಂದಿದ್ದಾರೆ. ಚಾ ತಣ್ಣಗಾಯಿತು, ಕುಡಿಯಲಿಲ್ಲ.

15 ಮಾರ್ಚ್, ಭಾನುವಾರ

ತಾರಸಿ ಮೇಲೆ ಮುನೀಂದ್ರ ಬಟ್ಟೆ ಒಣಹಾಕುತ್ತಿದ್ದ. ಕೆರೆ ಕಡೆಯಿಂದ ಗಾಳಿ. ಒದ್ದೆ ಸೀರೆಯ ಹಿಂದೆ ಅವನು, ಮುಂದೆ ನಾನು. ಮುಖ ಕಾಣದಿದ್ದದ್ದೇ ಅನುಕೂಲವಾಯಿತು.

"ಬಾಣಸವಾಡಿ ಮನೆ ಹೆಂಗಿದೆ?"

ಸೀರೆಗೆ ಇನ್ನೊಂದು ಕ್ಲಿಪ್ಪು ಸಿಕ್ಕಿಸಿದ ಸದ್ದು.

"ಚಿಕ್ಕದು ಅಣ್ಣ."

"ಇಲ್ಲೇನ್ ಕಮ್ಮಿ ಆಗಿದೆ? ಅತ್ತಿಗೆ ಏನಾದ್ರೂ ಅಂದ್ಲಾ?"

"ಯಾರೂ ಏನೂ ಅಂದಿಲ್ಲ. ಜಗಳ ಇಲ್ಲ. ಜಗಳ ಆಗೋಕ್ ಮುಂಚೆ ಹೋಗೋಣ ಅಂತ."

"ನಿನ್ ದುಡ್ಡೂ ಇದೆಯಲ್ಲೋ ಈ ಮನೇಲಿ."

"ದುಡ್ಡಿದೆ ಅಣ್ಣ. ಅವಳಿಗ್ ಜಾಗ ಇಲ್ಲ. ಬೆಳಿಗ್ಗೆ ಸ್ಕೂಲು, ಸಂಜೆ ಬಂದ್ರೆ ಇನ್ನೊಬ್ರು ಮನೇಲಿ ಗೆಸ್ಟ್ ಇದ್ದಂಗೆ ಇರ್ತಾಳೆ. ಸಾಂಬಾರಿಗೆ ಉಪ್ಪು ಕಮ್ಮಿ ಅಂತಾನೂ ಹೇಳೋ ಹಂಗಿಲ್ಲ."

ಸೀರೆ ಹಾರಿ ನನ್ನ ಮುಖಕ್ಕೆ ಬಡಿಯಿತು. ತಣ್ಣಗಿತ್ತು. ಹಾಗೇ ಒಂದು ಗಳಿಗೆ ನಿಂತೆ. ಇಪ್ಪತ್ತು ವರ್ಷದಿಂದ ಗಿರಾಕಿಗಳನ್ನು ಮಾತಿನಲ್ಲಿ ಮಣಿಸಿದ್ದೇನೆ. ಇವನಿಗೆ ಕ್ಲಿಪ್ಪು ಎತ್ತಿಕೊಟ್ಟು ಕೆಳಗಿಳಿದೆ.

22 ಮಾರ್ಚ್, ಭಾನುವಾರ. ಮಧ್ಯಾಹ್ನ

ಉಪಾಯ ಮಾಡಿದೆ. ಮೇಲಿನ ಸಣ್ಣ ರೂಮಿಗೊಂದು ವಾಷ್ ಬೇಸಿನ್, ಕನ್ನಡಿ ಹಾಕಿಸಿಕೊಡೋಣ, ಹುಡುಗಿಗೆ ಖುಷಿಯಾಗಿ ನಿಲ್ಲುತ್ತಾಳೆ ಅಂತ. ಗಿರಾಕಿ ಹೊರಟರೆ ಚಿಲಕ ಫ್ರೀ ಕೊಡುವುದಿಲ್ಲವೇ, ಹಾಗೆ. ಮನೆಯ ಪ್ಲಂಬಿಂಗ್ ಮಾಡಿದ ಕರೀಮನನ್ನೇ ಕರೆಸಿದೆ.

"ಬಾತ್‌ರೂಮಿಂದ ಇಲ್ಲಿಗೊಂದು ಲೈನ್ ಎಳೀಬೇಕು ಕರೀಂ."

ಅವನು ನನ್ನ ಮುಖ ನೋಡಿ ನಕ್ಕ. "ಲೈನ್ ಇಲ್ಲೇ ಐತಲ್ಲಾ ಅಣ್ಣಾ."

ಗೋಡೆಗೆ ಬೆರಳಿನಿಂದ ಬಡಿದ. ಒಂದು ಕಡೆ ಸದ್ದು ಬೇರೆ. ಉಳಿ ಇಟ್ಟು ಗಾರೆ ಕಿತ್ತ. ಒಳಗೆ ಪೈಪು, ಬಾಯಿಗೆ ಬಿರಡೆ. ಕೆಳಗೆ ನೀರು ಹೋಗಲು ಇನ್ನೊಂದು. ಬಿರಡೆ ಸಡಿಲಿಸಿದ, ನೀರು ಚಿಮ್ಮಿ ಎದುರಿನ ಕಿಟಕಿಯವರೆಗೂ ಹೋಯಿತು. ಬಿಸಿಲಿನಲ್ಲಿ ಒಂದು ಸಣ್ಣ ಕಾಮನಬಿಲ್ಲು. ನಾನು ಕಟ್ಟಿಸಿದ ಗೋಡೆಯೊಳಗೆ ನನಗೆ ಗೊತ್ತಿಲ್ಲದ ನೀರು!

"ಇದು ಬೇಸಿನ್ ಲೈನಲ್ಲ ಅಣ್ಣಾ, ಕಿಚನ್ ಲೈನು. ಅಮ್ಮಾ ಬೋಲೇ ನಾ, ಅವ್ರೇ ಹೇಳಿದ್ದು. ಕೆಲ್ಸ ನಡೆಯೋವಾಗ ದಿನಾ ಬರ್ತಿದ್ರು. ನಿಮ್ಗೂ ಗೊತ್ತು ಅಂದ್ಕೊಂಡೆ."

ಅದೇ ದಿನ, ಸಂಜೆ

ಅಮ್ಮ ಹಿತ್ತಲಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಎದುರಿಗೆ ಕೂತೆ.

"ಮೇಲೆ ಪೈಪ್ ಹಾಕ್ಸಿದ್ದು ನೀನಾ?"

"ಹೂಂ."

"ನನ್ನ ಒಂದ್ ಮಾತ್ ಕೇಳ್ದೆ?"

"ಕೇಳಿದ್ರೆ ಹಾಕಿಸ್ತಿದ್ದಾ ನೀನು? ಪಾಯ ತೋಡಿದ್ ದಿನದಿಂದ ಒಂದೇ ಒಲೆ ಒಂದೇ ಒಲೆ ಅಂತ ಕುಣೀತಿದ್ದೋನು."

"ಮನೆ ಮುರ್ಯೋಕೆ ನೀನೇ ದಾರಿ ಮಾಡಿಟ್ಟಂಗಾಯ್ತಲ್ಲಮ್ಮ."

ಕೈ ನಿಲ್ಲಿಸಿದಳು. "ನಾನು ಈ ಊರಿಗ್ ಸೊಸೆಯಾಗಿ ಬಂದಾಗ್ಲೂ ಒಂದೇ ಒಲೆ. ನಂಗೊಂದ್ ಮೂಲೆ ಬಿಟ್ಕೊಡಿ, ನನ್ ಗಂಡಂಗೆ ನಾನ್ ಬೇಯ್ಸಿ ಹಾಕ್ತೀನಿ ಅಂತ ನಿಮ್ಮಜ್ಜೀನ ಕೇಳ್ದೆ. ಕೊಡ್ಲಿಲ್ಲ. ಅವತ್ತೇ ಹಲಸೂರಿಗೆ ಹೋಗಿದ್ದು ನಾವು. ಆಯಮ್ಮ ಸಾಯೋವರ್ಗೂ ನನ್ ಕೈಯಿಂದ ಒಂದ್ ಲೋಟ ನೀರ್ ಈಸ್ಕೊಳ್ಲಿಲ್ಲ. ಒಂದ್ ಮೂಲೆ ಇದ್ದಿದ್ರೆ ಅಲ್ಲೇ ಇರ್ತಿದ್ವಿ ಕಣೋ."

ಅಪ್ಪ ಕೆಲಸ ಹುಡುಕಿಕೊಂಡು ಹಲಸೂರಿಗೆ ಹೋದ ಅಂತ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ.

"ಮತ್ತೆ ಇಷ್ಟ್ ದಿನ ಯಾಕ್ ಬಾಯ್ ಬಿಡ್ಲಿಲ್ಲ?"

"ಬೇಕಾಗ್ದೇ ಇದ್ರೆ ಒಳ್ಗೇ ಇರ್ಲಿ ಅಂತ. ಪೈಪ್ ತಾನೆ, ಅನ್ನ ಕೇಳತ್ತಾ?"

25 ಮಾರ್ಚ್, ಬುಧವಾರ

ಮೂರು ದಿನ ಯಾರ ಜೊತೆಯೂ ಸರಿಯಾಗಿ ಮಾತಾಡಿಲ್ಲ. ಒಲೆ ಆದ ಮೇಲೆ ಮೀಟರು, ಮೀಟರಾದ ಮೇಲೆ ಗೇಟು. ನಾನು ನೋಡಿದ್ದೇನೆ. ಅಮ್ಮನಿಗೆ ಏನು ಗೊತ್ತು.

ಸುಕನ್ಯಳಿಗೆ ಹೇಳಿದೆ, ನನ್ನ ಪರ ನಿಲ್ಲುತ್ತಾಳೆ ಅಂತ.

"ರೀ, ನಾನೇನ್ ಸಕ್ಕರೆ ಡಬ್ಬಕ್ಕೆ ವಾಚ್‌ಮನ್ನಾ? ದಿನಾ ಬಂದು ಕೇಳೋಕೆ ಅವಳಿಗ್ ಹಿಂಸೆ, ಇಟ್ಕೋ ಅನ್ನೋಕೆ ನಂಗ್ ಹಿಂಸೆ. ಮೊದ್ಲು ಆ ಸಣ್ಣ ರೂಮಲ್ಲಿ ಕಟ್ಟೆ ಹಾಕ್ಸಿ."

"ಜನ ಏನಂತಾರೆ? ಮೈಕಲ್ಲಿ ಹೇಳಿದ್ದೀನಿ."

"ಮೈಕ್ ಸೆಟ್ಟು ಬಾಡಿಗೇದು. ವಾಪಸ್ ಹೋಯ್ತು."

29 ಮಾರ್ಚ್, ಭಾನುವಾರ. ಬೆಳಿಗ್ಗೆ

ಬೇಗ ಎದ್ದು ಮೇಲಿನ ಸಣ್ಣ ರೂಮಿಗೆ ಹೋದೆ. ಗಾರೆ ಕಿತ್ತ ಜಾಗ ಹಾಗೇ ಇತ್ತು. ಪೈಪಿಗೆ ಕಿವಿ ಇಟ್ಟೆ. ಕೆಳಗೆ ಸುಕನ್ಯ ಪಾತ್ರೆ ಇಟ್ಟ ಸದ್ದು, ಬಹಳ ದೂರದಿಂದ, ನೀರಿನೊಳಗಿಂದ ಬಂದ ಹಾಗೆ. ಬಾಣಸವಾಡಿಗೆ ಇದು ಕೇಳಿಸುವುದಿಲ್ಲ. ಇಲ್ಲಿಗೆ ಕೇಳಿಸುತ್ತದೆ. ರಿಚರ್ಡ್ಸ್ ಟೌನಿನ ಆ ಮುದುಕರು ಜಗಳವಾಡಿ ಒಲೆ ಬೇರೆ ಮಾಡಿದವರು. ಇವರು ಜಗಳ ಬೇಡವೆಂದು ಕೇಳುತ್ತಿರುವವರು. ಎರಡಕ್ಕೂ ಒಂದೇ ರೇಟು ಹಾಕಿದ್ದೆ.

ರಮ್ಯಶ್ರೀ ಬಾಗಿಲಲ್ಲಿ ನಿಂತಿದ್ದಳು. ಪೈಪಿಗೆ ಕಿವಿ ಕೊಟ್ಟ ಭಾವನನ್ನೇ ನೋಡುತ್ತ.

"ಒಂದ್ ವಿಷ್ಯ ಹೇಳಮ್ಮ" ಅಂದೆ. "ಇಲ್ಲೊಂದ್ ಅಡುಗೆ ಕಟ್ಟೆ ಹಾಕ್ಸಿದ್ರೆ ಎಷ್ಟ್ ಎತ್ತರ ಇರ್ಬೇಕು?"

ಗೋಡೆ ನೋಡಿದಳು, ನನ್ನನ್ನು ನೋಡಿದಳು. "ನಿಜವಾಗ್ಲೂನಾ ಭಾವ?"

"ಮೇಸ್ತ್ರಿಗೆ ಹೇಳ್ಬೇಕು. ಸುಳ್ ಅಳತೆ ಕೊಡಕ್ಕಾಗತ್ತಾ?"

ಬಂದು ಗೋಡೆಗೆ ಅಂಗೈ ಇಟ್ಟು ತೋರಿಸಿದಳು. ಕೆಳಗಿನ ಕಟ್ಟೆಗಿಂತ ಒಂದು ಗೇಣು ಮೇಲೆ. ಎತ್ತರದ ಹುಡುಗಿ. ಇಷ್ಟು ದಿನ ಬಗ್ಗಿಯೇ ನಿಲ್ಲುತ್ತಿದ್ದಳೆಂದು ಈಗ ಗೊತ್ತಾಯಿತು. ಪೆನ್ಸಿಲಿನಿಂದ ಗೆರೆ ಎಳೆದೆ.

"ಇನ್ನೂ ಸ್ವಲ್ಪ ಮೇಲೆ" ಅಂದಳು. ಕೇಳುವ ಧ್ವನಿಯಲ್ಲ, ಟೀಚರ್ ಧ್ವನಿ.

ಅಳಿಸಿ ಮೇಲೆ ಎಳೆದೆ. ಮುನೀಂದ್ರ ಮಧ್ಯಾಹ್ನವೇ ಸೈಕಲ್ ಹತ್ತಿ ಬಾಣಸವಾಡಿಗೆ ಹೋಗಿ ಬೇಡ ಅಂದು ಬಂದ.

12 ಏಪ್ರಿಲ್, ಭಾನುವಾರ

ಮೇಲೆ ಹಾಲು ಉಕ್ಕಿಸಿದರು. ಸೀಮೆಎಣ್ಣೆ ಸ್ಟೋವು, ಗ್ಯಾಸಿಗೆ ಹೆಸರು ಬರೆಸಿದ್ದೇನೆ. ಹಾಲು ಪೂರ್ವಕ್ಕೆ ಉಕ್ಕಲೆಂದು ಸುಕನ್ಯ ಪಾತ್ರೆ ಕೆಳಗೆ ಒಂದು ಕಾಗದದ ಚೂರು ಇಟ್ಟು ವಾಲಿಸಿದಳು. ಯಾರೂ ನೋಡಲಿಲ್ಲ, ನಾನು ನೋಡಿದೆ. ಊರವರಲ್ಲಿ ಇಬ್ಬರು ಬಂದು, ಏನ್ ರಾಮಾಂಜಣ್ಣ, ಬೇರೆ ಆದ್ರಾ ಅಂದರು. ಹೌದು, ಮೆಟ್ಟಿಲಷ್ಟು ದೂರ ಅಂದೆ.

ಲೆಕ್ಕ.

ಮುನೀಂದ್ರನಿಗೆ — ಸಾಂಬಾರಿಗೆ ಉಪ್ಪು ಕಮ್ಮಿ ಅನ್ನುವ ಸ್ವಾತಂತ್ರ್ಯ. ಮೊದಲ ದಿನವೇ ಅಂದು ಬೈಸಿಕೊಂಡ.

ರಮ್ಯಶ್ರೀಗೆ — ನೆಟ್ಟಗೆ ನಿಲ್ಲುವಷ್ಟು ಎತ್ತರದ ಕಟ್ಟೆ.

ಸುಕನ್ಯಳಿಗೆ — ಒಂದು ಸಲ ಒರೆಸಿದರೆ ಸಾಕಾಗುವ ಕಟ್ಟೆ.

ಕರೀಮನಿಗೆ — ಮುಚ್ಚಿದ್ದಕ್ಕೊಂದು ಕೂಲಿ, ಬಿಚ್ಚಿದ್ದಕ್ಕೊಂದು ಕೂಲಿ.

ಇನಾಯತ್‌ನ ತಂಗಿಗೆ — ಲಾಭವಿಲ್ಲ, ನಷ್ಟವಿಲ್ಲ. ಬೇರೆ ಯಾರೋ ಬಂದರಂತೆ.

ಅಮ್ಮನಿಗೆ — ಎರಡು ತಟ್ಟೆ. ಕೆಳಗೆ ಮುದ್ದೆ, ಮೇಲೆ ಚಪಾತಿ. ಎರಡು ಕಡೆಯೂ, ಅಲ್ಲಿ ಸರಿಯಾಗಿ ಹಾಕಲಿಲ್ಲ ಅನ್ನುತ್ತಾಳೆ.

ನನಗೆ — ಮೆಟ್ಟಿಲಿನ ತಿರುವಿನಲ್ಲಿ ಕೂತರೆ ಮೇಲಿಂದೊಂದು ಒಗ್ಗರಣೆ, ಕೆಳಗಿಂದೊಂದು. ಎರಡೂ ಇಲ್ಲಿ ಬೆರೆಯುತ್ತವೆ. ಇಲ್ಲೇ ಕೂತು ಬರೆಯುತ್ತಿದ್ದೇನೆ, ಕಣ್ಣು ಎಳೆಯುತ್ತಿದೆ. ಯಾರೋ ಊಟಕ್ಕೆ ಕರೆದರು. ಮೇಲಿಂದಲೋ, ಕೆಳಗಿಂದಲೋ...