ರಷ್ಯಾದಿಂದ ಬಂದ ಲಕೋಟೆ

ಫಕ್ರು,

ನಿನ್ನ ರಷ್ಯಾದ ಬರ್ಕೋವ್ ಐಸ್ ಹಾಕಿ ಆಟದಿಂದ ನಿವೃತ್ತನಾದನಂತೆ. ಇಪ್ಪತ್ತು ವರ್ಷ ಗೋಲು ಕಾಯ್ದವನ ಆಟದ ಬದುಕನ್ನು ಇವತ್ತಿನ ಪೇಪರು ನಾಲ್ಕು ಸಾಲಿನಲ್ಲಿ ಮುಗಿಸಿದೆ. ಓದಿ ಖುಷಿಪಟ್ಟೆ. ನನ್ನ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ.

ನೀರು ಬಿಡದ ದಿನಗಳಲ್ಲಿ ಸುರಪುರದ ಕಾಲುವೆಯೊಳಗೆ ಜಾಲಿ ಕೋಲು ಹಿಡಿದು ಹಾಕಿ ಆಡುವಾಗ, ನಾನು ಎಷ್ಟು ಚೆಂಡು ತಡೆದರೂ ನಿನ್ನದು ಒಂದೇ ಮಾತು: "ಬರ್ಕೋವ್ ಇದ್ರ ಇದಕ್ಕಿಂತ ಚಲೋ ತಡೀತಿದ್ದ ನೋಡಲೇ ಅಂಬ್ರ್ಯಾ."

ನೀನು ಅವನಿಗೆ ಬರೆದ ಪತ್ರಕ್ಕೆ ಉತ್ತರ ಬಂದಿತ್ತು. ಟಪಾಲಿನ ಚಂದ್ರಾಮಪ್ಪ "ನಿನ್ನ ದೋಸ್ತಗ ಕೊಡಪಾ" ಎಂದು ನನ್ನ ಕೈಗಿತ್ತಿದ್ದ. ನೀನು ಸಾಯುವವರೆಗೂ ನಾನು ಕೊಡಲಿಲ್ಲ.

ಇವತ್ತು ಆ ಲಕೋಟೆ ಒಡೆದೆ. ಒಳಗೆ ಅವನ ಫೋಟೊ. ಹಿಂಬದಿಗೆ ಇಂಗ್ಲಿಷಿನಲ್ಲಿ ಬರೆದಿದ್ದಾನೆ: "ನನಗಿಂತ ಚೆನ್ನಾಗಿ ತಡೆಯುತ್ತಾನೆಂದು ನೀನು ಬರೆದಿರುವ ಅಂಬ್ರಪ್ಪನಿಗೂ ಇದನ್ನು ತೋರಿಸು."