ಮದುವೆಗೆ ಮುಂಚಿನ ಮಟ್ಟು

ಕಾರ್ನನ್, ದಕ್ಷಿಣ ಊಯಿಸ್ಟ್ ದ್ವೀಪ
ಜೂನ್ 9, ಸೋಮವಾರ

ಪ್ರೀತಿಯ ಅತ್ತೆಗೆ,

ಈಗಲೂ ಅತ್ತೆ ಎಂದೇ ಬರೆಯುತ್ತಿದ್ದೇನೆ. ಬೇರೆ ಏನೆಂದು ಕರೆಯಬೇಕೋ ತೋಚಲಿಲ್ಲ. ಫೋನ್ ಮಾಡಿದರೆ ನನ್ನ ದನಿ ಕೇಳುತ್ತಲೇ ಇಟ್ಟುಬಿಡುತ್ತೀರಿ. ಮನೆಗೆ ಬಂದರೆ ಬಾಗಿಲು ತೆಗೆಯುವುದಿಲ್ಲ. ಕಾಗದವನ್ನಾದರೆ ಓದುತ್ತೀರಿ ಎಂಬ ನಂಬಿಕೆ, ಬೈಯುವುದಕ್ಕಾದರೂ ಓದೇ ಓದುತ್ತೀರಿ.

ನನ್ನ ಮತ್ತು ಫಿನ್ಲೆಯ ಮದುವೆ ಇಪ್ಪತ್ತೊಂದರ ಶನಿವಾರ, ನಿಮ್ಮ ಊರಿನ ಇಗರ್ಜಿಯಲ್ಲೇ. ನಿಮ್ಮ ಮಗ ಲಾಕ್ಲನ್ ಏಡಿ ಹಿಡಿಯಲು ದೋಣಿ ತೆಗೆದುಕೊಂಡು ಹೋಗಿ ಏಳು ವರ್ಷವಾಯಿತು. ದೋಣಿ ಮಾತ್ರ ಮಗುಚಿಕೊಂಡು ದಡಕ್ಕೆ ಬಂತು. ಅವನು ತೀರಿಕೊಂಡಿದ್ದಾನೆ ಎಂದು ಕೋರ್ಟು ಹೇಳಿದ್ದು ಕಳೆದ ಡಿಸೆಂಬರಿನಲ್ಲಿ. ಆ ದಿನದಿಂದ ನೀವು ನನ್ನ ಜೊತೆ ಮಾತು ಬಿಟ್ಟಿರಿ. ಕೋರ್ಟಿಗೆ ಹೋದವಳು ನಾನು, ನಿಜ. ಅವನನ್ನು ಮುಳುಗಿಸಿದವಳು ನಾನಲ್ಲ ಅತ್ತೆ.

ಈಗ ಕೇಳಬೇಕಾದದ್ದನ್ನು ಕೇಳಿಬಿಡುತ್ತೇನೆ. ಮದುವೆಗೆ ನೀವೇ ಬ್ಯಾಗ್‌ಪೈಪ್ ನುಡಿಸಬೇಕು. ಅದಕ್ಕೂ ಮುಂಚೆ, ಯಾವ ದಿನವಾದರೂ ಸರಿ, ದಡಕ್ಕೆ ಹೋಗಿ ಲಾಕ್ಲನ್‌ಗಾಗಿ ಶೋಕದ ಮಟ್ಟು ಊದಬೇಕು. ಯಾವ ಮಟ್ಟೆಂದು ಆರಿಸುವುದು ನಿಮಗೇ ಬಿಟ್ಟದ್ದು, ಎರಡೂ.

ಏಳು ವರ್ಷದ ಹಿಂದೆ ಪಾದ್ರಿಗಳು ಪೂಜೆ ಮಾಡಿದರು, ಗಂಟೆ ಬಾರಿಸಿದರು, ಮನೆಮನೆಯಲ್ಲೂ ಜಪಮಾಲೆ ಹಿಡಿದರು. ನಿಮ್ಮ ಪೈಪು ಮಾತ್ರ ಪೆಟ್ಟಿಗೆಯಿಂದ ಹೊರಗೆ ಬರಲಿಲ್ಲ. ಕಳೆದ ಡಿಸೆಂಬರಿನವರೆಗೆ ಈ ದ್ವೀಪದಲ್ಲಿ ನೀವು ಮುಂದೆ ನಡೆದು ಊದದೆ ಮಣ್ಣಾದವರು ಯಾರೂ ಇರಲಿಲ್ಲ. ಹಾಗಾಗಿ ನೀವು ಊದದವನು ಸತ್ತಿಲ್ಲ ಎಂದೇ ಲೆಕ್ಕ. ಕಳೆದ ವಾರ ಅಂಗಡಿಯಲ್ಲಿ ಹಾಲು ತೆಗೆದುಕೊಳ್ಳುತ್ತಿದ್ದಾಗ ರೋರಿ ಅಜ್ಜ ಎಲ್ಲರೆದುರು, "ಏನಮ್ಮಾ ಎಫಿ, ಮದ್ವೆ ಅಂತೆ? ಮೊದಲ್ನೇ ಗಂಡ ಸತ್ತಿದ್ದು ಯಾವಾಗ? ಮಾರ್ಸಲಿ ಪೈಪ್ ಸದ್ದೇ ನಮ್ಗೆ ಕೇಳ್ಸಿಲ್ವಲ್ಲ!" ಎಂದ. ಯಾರೂ ನಗಲಿಲ್ಲ. ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದೆ.

ಉತ್ತರ ಬರೆಯಿರಿ. ಮೌನ ಬೇಡ.

ನಿಮ್ಮ,
ಎಫಿ

ತಾ.ಕ. ನಾನು ಇಗರ್ಜಿಯೊಳಗೆ ಬರುವಾಗ ಊದಲು ಫಿನ್ಲೆಯ ಅಮ್ಮ ತಮ್ಮ ಫೋನಿನಲ್ಲಿ ಹಾಕಿ ಕೇಳಿ ಒಂದು ಮಟ್ಟು ಆರಿಸಿದ್ದಾರೆ. ಎಲ್ಲರೂ ಎಲ್ಲ ಕಡೆ ಊದಿಸುತ್ತಾರಲ್ಲ, ಅದೇ. ನಿಮಗೆ ಸಿಟ್ಟು ಬರುತ್ತದೆಂದು ಗೊತ್ತು.


ಸ್ಮರ್ಕ್ಲೆಟ್
ಜೂನ್ 12, ಗುರುವಾರ

ಎಫಿಗೆ,

ನಿನ್ನ ಕಾಗದ ತಲುಪಿತು. ಮೊದಲು ಸುಲಭದ್ದಕ್ಕೆ ಉತ್ತರ ಕೊಡುತ್ತೇನೆ.

ಆ ಮಟ್ಟು ಬೇಡವೆಂದು ನಿನ್ನ ಹೊಸ ಅತ್ತೆಗೆ ಹೇಳು. ಅದನ್ನು ನಾನು ಹಡಗು ನೀರಿಗಿಳಿಸುವಾಗ ಊದಿದ್ದೇನೆ, ಕುರಿ ಸಂತೆಯಲ್ಲಿ ಊದಿದ್ದೇನೆ, ಒಬ್ಬ ಸಾಹೇಬನ ನಾಯಿಯ ಮಣ್ಣಿಗೂ ಊದಿದ್ದೇನೆ. ಊರ ಬಾವಿ ನೀರು ಅದು, ಯಾರು ಬೇಕಾದರೂ ಸೇದಬಹುದು. ಮದುವೆಯ ಮಟ್ಟನ್ನು ಕಿವಿಯಿಂದ ಆರಿಸುವುದಲ್ಲ, ದಾರಿ ನೋಡಿ ಆರಿಸುವುದು. ನಮ್ಮ ಇಗರ್ಜಿಯ ಗೇಟಿನಿಂದ ಬಾಗಿಲವರೆಗೆ ಏರು. ಗಾಳಿ ಪಶ್ಚಿಮದ್ದು. ನೀನು ಎತ್ತರದ ಚಪ್ಪಲಿ ಹಾಕುತ್ತೀ, ಬೇಡವೆಂದರೂ ಕೇಳುವವಳಲ್ಲ. ನಿಧಾನದ ಮಟ್ಟು ಊದಿದರೆ ನೀನು ಬಾಗಿಲಿಗೆ ಬಂದ ಮೇಲೂ ಅದು ಮುಗಿಯುವುದಿಲ್ಲ, ಮದುಮಗಳು ಬಸ್ಸಿಗೆ ಕಾಯುವವಳ ಹಾಗೆ ನಿಲ್ಲಬೇಕಾಗುತ್ತದೆ. ಚುರುಕಾದದ್ದು, ಎರಡೇ ಭಾಗದ್ದು ಸಾಕು. ಪಕ್ಕದ ಬೆನ್‌ಬೆಕ್ಯುಲಾ ದ್ವೀಪದಲ್ಲಿ ಸೈನ್ಯದ ಬ್ಯಾಂಡಿನಲ್ಲಿದ್ದವನೊಬ್ಬನಿದ್ದಾನೆ, ಅವನನ್ನು ಕರೆಸಿಕೋ. ಹೆಚ್ಚು ಕುಡಿಯಲು ಕೊಡಬೇಡ.

ನಾನು ಊದುವುದಿಲ್ಲ. ನನ್ನ ಪೈಪಿನೊಳಗೆ ಸದ್ದು ಹೊರಡಿಸುವ ರೀಡು ಹಾಳಾಗಿದೆ. ಈ ವರ್ಷ ಹವೆಯೂ ಒದ್ದೆ, ಶ್ರುತಿ ನಿಲ್ಲುವುದಿಲ್ಲ.

ಇನ್ನು ಎರಡನೆಯ ಮಾತು. ಆಗುವುದಿಲ್ಲ.

ಯಾಕೆಂದು ಕೇಳುತ್ತೀಯಾದ್ದರಿಂದ ಹೇಳುತ್ತೇನೆ. ಶವದ ಮುಂದೆ ಊದುವಾಗ ನಾನು ಆಗಾಗ ಹಿಂದೆ ತಿರುಗಿ ನೋಡುತ್ತೇನೆ, ನೀನು ಗಮನಿಸಿರಬಹುದು. ಪೆಟ್ಟಿಗೆ ಹೊತ್ತವರ ಹೆಜ್ಜೆ ನೋಡುವುದು. ದಪ್ಪ ಮನುಷ್ಯನಾದರೆ ಒಂದು ಮಟ್ಟು, ಮಗುವಾದರೆ ಇನ್ನೊಂದು. ಭಾರ ನೋಡಿ ನಡೆ ಕಟ್ಟಬೇಕು. ಹೊರುವುದಕ್ಕೆ ಏನೂ ಇಲ್ಲದ ಕಡೆ ನಾನು ಯಾರ ಹೆಜ್ಜೆ ನೋಡಲಿ? ಊದಿದರೆ ನನ್ನ ಮಗ ಸತ್ತನೆಂದು ಹೆತ್ತ ನಾನೇ ಡಂಗುರ ಸಾರಿದ ಹಾಗೆ. ಕೋರ್ಟಿಗೆ ಅದು ಒಂದು ಸಾಲು. ನನಗೆ ಅಲ್ಲ.

ಬೇರೆ ಯಾರ ಕೈಯಲ್ಲಾದರೂ ಊದಿಸಿ ಎನ್ನಬೇಡ. ನನ್ನ ಮಗನಿಗೆ ಬಾಡಿಗೆಯವರು ಬೇಡ.

ನಿನ್ನ ಫಿನ್ಲೆ ಎರಡು ಸಲ ಬಂದಿದ್ದ. ಕಿಟಕಿಯಿಂದ ನೋಡಿದೆ. ಒಂದು ಬುಟ್ಟಿ ಚಿಪ್ಪುಮೀನು ಮೆಟ್ಟಿಲ ಮೇಲಿಟ್ಟು ಹೋದ. ಅವನೇ ಮುಳುಗಿ ಹೆಕ್ಕಿ ತಂದದ್ದಂತೆ. ಕಡಲ ತಳಕ್ಕೆ ದಿನಾ ಇಳಿಯುವವನನ್ನೇ ಹುಡುಕಿ ಹಿಡಿದಿದ್ದೀಯಲ್ಲ ಎಫಿ! ನನ್ನ ಮಗನನ್ನು ಕೊಡದ ಸಮುದ್ರ ಅವನನ್ನು ಸಂಜೆ ಸಂಜೆ ತಂದು ದಡಕ್ಕೆ ಬಿಡುತ್ತದೆ. ನನಗೆ ಹೊಟ್ಟೆಕಿಚ್ಚು. ಮುಚ್ಚಿಡುವುದೇನಿದೆ?

ಮಾರ್ಸಲಿ

ತಾ.ಕ. ಚಿಪ್ಪುಮೀನನ್ನು ಬೆಕ್ಕಿಗೆ ಹಾಕಿದೆ.


ಕಾರ್ನನ್
ಜೂನ್ 16, ಸೋಮವಾರ

ಅತ್ತೆ,

ರೀಡು ಹಾಳಾಗಿದ್ದರೆ ಹೊಸದು ಹಾಕಬಹುದು. ಹವೆ ಈ ದ್ವೀಪದಲ್ಲಿ ಯಾವ ವರ್ಷ ಒಣಗಿತ್ತು? ನೆಪ ಹೇಳಬೇಡಿ. ಡಿಸೆಂಬರಿನಿಂದ ನೀವು ಪೈಪು ಮುಟ್ಟಿಲ್ಲ ಎಂದು ಊರಿಗೇ ಗೊತ್ತು. ಕ್ರಿಸ್‌ಮಸ್ಸಿಗೆ ಊದಲಿಲ್ಲ. ಮಾರ್ಚಿನಲ್ಲಿ ಕೇಟಿ ತೀರಿಕೊಂಡಾಗ, ನಿಮ್ಮ ಜೊತೆ ಬಾಲ್ಯದಿಂದ ಬೆಳೆದವಳು, ಅವಳ ಪೆಟ್ಟಿಗೆ ಸದ್ದಿಲ್ಲದೆ ಹೋಯಿತು. ಅವಳ ಮಗಳು ನನ್ನ ಮುಖ ನೋಡಿದ ರೀತಿಯನ್ನು ನಾನು ಮರೆಯಲಾರೆ. ನನ್ನ ಮೇಲಿನ ಸಿಟ್ಟನ್ನು ಊರಿನ ಸತ್ತವರ ಮೇಲೆ ತೀರಿಸಿಕೊಳ್ಳುತ್ತಿದ್ದೀರಿ ಎಂದು ಜನ ಆಡಿಕೊಳ್ಳುತ್ತಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೇನೆ.

ಪಾದ್ರಿಗಳಿಗೆ ಹೇಳಿ ಬಂದೆ. ನೀವು ಲಾಕ್ಲನ್‌ಗೆ ಊದುವವರೆಗೆ ನಾನು ಇಗರ್ಜಿಯ ಮೆಟ್ಟಿಲು ಹತ್ತುವುದಿಲ್ಲ. ಶನಿವಾರವಾದರೂ ಸರಿ, ಮದುವೆ ನಿಂತರೆ ನಿಲ್ಲಲಿ. ಫಿನ್ಲೆಯ ಅಮ್ಮ, "ಆ ಮುದ್ಕಿ ಹಠಕ್ಕೆ ನನ್ ಮಗನ್ ಮದ್ವೆ ನಿಲ್ಬೇಕಾ?" ಎಂದು ಕೂಗಾಡಿದರು. ಫಿನ್ಲೆ ಇಷ್ಟೇ ಹೇಳಿದ: "ಒತ್ತಾಯ ಮಾಡ್ಬೇಡ ಎಫಿ. ಅವ್ರಿಗೆ ಆದಾಗ ಊದ್ತಾರೆ. ನಾನು ಕಾಯ್ತೀನಿ." ನನಗೆ ಅವನ ಮೇಲೂ ರೇಗಿತು. ಕಾಯುವುದನ್ನು ನೀವೂ ನಾನೂ ಮಾಡಿ ನೋಡಿದ್ದೇವೆ, ಅದರಲ್ಲಿ ಏನಿದೆ?

ನಿಮಗೆ ಇದು ಊರ ಬಾಯಿ ಮುಚ್ಚಿಸುವ ಮಾತೆನಿಸಿರಬಹುದು. ಅದಷ್ಟೇ ಅಲ್ಲ ಅತ್ತೆ. ಮೊನ್ನೆ ಗೇಟು ಕಿರ್ರೆಂದಿತು. ಫಿನ್ಲೆ ನನ್ನ ಎದುರೇ ಕೂತು ಚಹಾ ಕುಡಿಯುತ್ತಿದ್ದ. ನಾನು ಎದ್ದು ನಿಂತೆ. ಗಾಳಿ ಅಷ್ಟೆ. ಲಾಕ್ಲನ್ ಬಂದನೆಂದು ಎದ್ದೆ ಎಂದು ಫಿನ್ಲೆಗೂ ತಿಳಿಯಿತು. ಎದ್ದು ಹೋಗಿ ಗೇಟಿಗೆ ಎಣ್ಣೆ ಬಿಟ್ಟು ಬಂದ. ಕೋರ್ಟು ಹೇಳಿದ್ದು ನನ್ನ ಕಿವಿಗೆ ಇಳಿದಿಲ್ಲ. ಪಾದ್ರಿಗಳು ಹೇಳಿದ್ದೂ ಇಳಿಯಲಿಲ್ಲ. ನೀವು ಊದಿ ಹೇಳಿದರೆ ಮಾತ್ರ ಇಳಿಯುತ್ತದೆ. ಹೀಗೆ ಗೇಟಿನ ಸದ್ದಿಗೆ ಏಳುವವಳು ಫಿನ್ಲೆಯ ಪಕ್ಕದಲ್ಲಿ ಹೇಗೆ ನಿಲ್ಲಲಿ? ಅದು ಮೋಸವಲ್ಲವೇ?

ಇನ್ನು ಬರೆಯುವುದಿಲ್ಲ.

ಎಫಿ

ತಾ.ಕ. ನಿಮ್ಮ ಮನೆಯಲ್ಲಿ ಬೆಕ್ಕೇ ಇಲ್ಲ.


ಸ್ಮರ್ಕ್ಲೆಟ್
ಜೂನ್ 19, ಗುರುವಾರ

ನನ್ನ ಎಫಿಗೆ,

ಊದಿದೆ.

ಇವತ್ತು ಮಧ್ಯಾಹ್ನ, ನಮ್ಮ ಮನೆ ಕೆಳಗಿನ ದಡದಲ್ಲಿ. ಊರಿಗೆ ಕೇಳಿಸಿದೆ. ನೀನು ಶನಿವಾರ ಮೆಟ್ಟಿಲು ಹತ್ತಬಹುದು.

ನಿನ್ನ ಕಾಗದ ಓದಿ ಎರಡು ದಿನ ಏನೂ ಮಾಡಲಿಲ್ಲ. ಗೇಟಿನ ವಿಷಯ ಬರೆದಿದ್ದೆಯಲ್ಲ, ಅದು ನನ್ನನ್ನು ಬಿಡಲಿಲ್ಲ. ನಾನು ಒಬ್ಬಳೇ ಹಾಗೆ ಏಳುತ್ತೇನೆ ಅಂದುಕೊಂಡಿದ್ದೆ. ಇನ್ನೊಂದು ಮನೆಯಲ್ಲಿ ನನ್ನಿಂದಾಗಿ ನೀನೂ ಏಳುತ್ತಿದ್ದೀ ಎಂದು ಗೊತ್ತಿರಲಿಲ್ಲ. ಇವತ್ತು ಬೆಳಿಗ್ಗೆ ಪೆಟ್ಟಿಗೆ ತೆಗೆದು ಪೈಪಿನ ಚೀಲಕ್ಕೆ ಗಾಳಿ ಸೋರದ ಹಾಗೆ ಎಣ್ಣೆ ಸವರಿ ಬೆಚ್ಚಗಿಟ್ಟೆ. ರೀಡು ಚೆನ್ನಾಗಿಯೇ ಇತ್ತು.

ಆಮೇಲೆ ಯಾವುದನ್ನು ಊದುವುದೆಂದು ಕೂತೆ. ಊರಿಗೆಲ್ಲ ಆರಿಸಿಕೊಡುವ ನನಗೆ ನನ್ನ ಮಗನದು ಸಿಗಲಿಲ್ಲ. ದೊಡ್ಡ ಶೋಕದ ಮಟ್ಟುಗಳೆಲ್ಲ ಪಾಳೆಗಾರರಿಗೆ ಕಟ್ಟಿದವು. ಲಾಕ್ಲನ್ ಅದನ್ನು ಕೇಳಿದ್ದರೆ, "ಯಾರ್ ಸತ್ರು ಅಮ್ಮಾ, ರಾಜನಾ?" ಎನ್ನುತ್ತಿದ್ದ. ಸಿಪಾಯಿಗಳದ್ದು ಅವನಿಗಲ್ಲ. ಮುದುಕರದ್ದು ಅವನಿಗಲ್ಲ. ಕೊನೆಗೆ ಅವನು ಚಿಕ್ಕವನಿದ್ದಾಗ ಮೊಟ್ಟಮೊದಲು ಕಲಿತ ಪುಟ್ಟ ನಡಿಗೆಯ ಮಟ್ಟನ್ನೇ ತೆಗೆದುಕೊಂಡೆ. ಅದು ಶೋಕದ್ದೂ ಅಲ್ಲ, ಮದುವೆಯದ್ದೂ ಅಲ್ಲ. ನಿಧಾನ ಮಾಡಿದೆ, ಅಷ್ಟೆ. ಮೂರನೆಯ ಸಾಲಿನಲ್ಲಿ ಅವನು ಯಾವಾಗಲೂ ಒಂದು ಸ್ವರ ತಪ್ಪುತ್ತಿದ್ದ, ಎಷ್ಟು ಬೈದರೂ ತಿದ್ದಿಕೊಳ್ಳಲಿಲ್ಲ. ನಾನೂ ಅಲ್ಲೇ ತಪ್ಪಿದೆ.

ಗಾಳಿ ಜೋರಾಗಿತ್ತು, ದೋಣಿಮನೆಯ ಮರೆಯಲ್ಲಿ ಕಡಲಿಗೆ ಮುಖ ಮಾಡಿ ನಿಂತೆ. ಶುರುವಿನಲ್ಲಿ ಒಮ್ಮೆ ನಿಂತುಹೋಯಿತು, ಗಾಳಿ ತಿರುಗಿತ್ತು. ಮತ್ತೆ ಹಿಡಿದು ಪೂರ್ತಿ ಊದಿದೆ. ಮುಗಿಸಿ ಮೇಲೆ ಬಂದರೆ ರಸ್ತೆಯುದ್ದಕ್ಕೂ ಜನ ನಿಂತಿದ್ದರು. ಅಂಗಡಿ ಮುಚ್ಚಿತ್ತು. ಕೇಟಿಯ ಮಗಳು ನನ್ನ ಕೈ ಹಿಡಿದುಕೊಂಡಳು. ರೋರಿ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ, "ಮೂರ್ನೇ ಸಾಲಲ್ಲಿ ತಪ್ಪಿದ್ಯಲ್ಲ ಮಾರ್ಸಲಿ" ಎಂದ. "ತಪ್ಪಿದ್ದು ನಾನಲ್ಲ ಕಣೋ, ಅವ್ನು" ಎಂದೆ. ಅವನಿಗೆ ಅರ್ಥವಾಯಿತು. ಟೋಪಿಯನ್ನು ಮುಖಕ್ಕೆ ಒತ್ತಿಕೊಂಡ. ನಾನೂ ಅತ್ತುಬಿಟ್ಟೆ ಎಫಿ. ಏಳು ವರ್ಷದ್ದನ್ನು ನಡುರಸ್ತೆಯಲ್ಲಿ ನಿಂತು ಅತ್ತೆ. ನನ್ನ ಮಗ ಸತ್ತಿದ್ದಾನೆ. ನೋಡು, ಬರೆದೂಬಿಟ್ಟೆ.

ಫಿನ್ಲೆ ಬೆಳಿಗ್ಗೆಯೇ ಬಂದಿದ್ದ. ಈ ಸಲ ಬಾಗಿಲು ತೆಗೆದೆ. ಯಾವ ಮಟ್ಟು ಎಂದು ಕೇಳಲು ಬಂದೆಯಾ ಎಂದರೆ, "ಇಲ್ಲಮ್ಮಾ, ಪೈಪಿನ ಪೆಟ್ಟಿಗೆ ಹೊರೋಕೆ ಬಂದೆ. ದಡದ ಕಲ್ಲು ಜಾರುತ್ತೆ" ಎಂದ. ನಾನು ಹೋಗುತ್ತೇನೆಂದು ಇವನಿಗೆ ಯಾರು ಹೇಳಿದರೋ! ಈಗ ಅಡುಗೆಮನೆಯಲ್ಲಿ ಕೂತು ಉಪ್ಪು ಹೆರಿಂಗ್ ಮೀನು, ಆಲೂಗಡ್ಡೆ ತಿನ್ನುತ್ತಿದ್ದಾನೆ. ಈ ಕಾಗದ ಅವನ ಕೈಯಲ್ಲೇ ಕೊಡುತ್ತೇನೆ. ಒಡೆಯಬೇಡವೆಂದಿದ್ದೇನೆ, ಒಡೆಯುವವನಲ್ಲ.

ಶನಿವಾರ ಊದಲು ಆ ಬೆನ್‌ಬೆಕ್ಯುಲಾದವನೇ ಬರಲಿ. ಮಗನಿಗೆ ಊದಿದ ವಾರದಲ್ಲಿ ನಾನು ಮದುವೆಗೆ ಊದುವುದು ಬೇಡ. ಅವನಿಗೆ ಮಟ್ಟು ನಾನೇ ಹೇಳಿಕೊಡುತ್ತೇನೆ. ನೀನು ಗೇಟು ದಾಟಿದಾಗ ಶುರು, ಬಾಗಿಲಿಗೆ ಬಂದಾಗ ಮುಗಿಯಬೇಕು. ನಾನು ಮುಂದಿನ ಬೆಂಚಿನಲ್ಲಿ ಕೂರುತ್ತೇನೆ. ಯಾವ ಕಡೆಯವಳೆಂದು ಯಾರಾದರೂ ಕೇಳಿದರೆ ಹುಡುಗಿಯ ಕಡೆಯವಳೆಂದು ಹೇಳುತ್ತೇನೆ.

ನಿನ್ನ ಅತ್ತೆ,
ಮಾರ್ಸಲಿ

ತಾ.ಕ. ಅಂಟಿಸಿದ್ದ ಲಕೋಟೆಯನ್ನು ಒಡೆದು ಇದನ್ನು ಸೇರಿಸುತ್ತಿದ್ದೇನೆ. ಗಾಳಿ ತಿರುಗಿರಲಿಲ್ಲ. ನನ್ನ ಉಸಿರು ನಿಂತಿತು. ಡಿಸೆಂಬರಿನಲ್ಲಿ ಹಿಡಿದ ಕೆಮ್ಮು ಎದೆಯಲ್ಲೇ ಕೂತಿದೆ, ಇನ್ನು ಊದಕೂಡದೆಂದು ಡಾಕ್ಟರು ಹೇಳಿದ್ದಾರೆ. ಕೇಟಿಗೆ ಊದದಿದ್ದದ್ದು ನಿನ್ನ ಮೇಲಿನ ಸಿಟ್ಟಿನಿಂದಲ್ಲ. ಊರು ಹಾಗಂದುಕೊಂಡರೆ ಅಂದುಕೊಳ್ಳಲಿ ಎಂದು ಬಿಟ್ಟೆ. ಸಿಟ್ಟಿನವಳು ಎನಿಸಿಕೊಳ್ಳಬಹುದು ಎಫಿ, ಕೈಲಾಗದವಳು ಎನಿಸಿಕೊಳ್ಳುವುದು ಕಷ್ಟ. ಲಾಕ್ಲನ್‌ಗೆ ಊದಲು ಮನಸ್ಸು ಒಪ್ಪುವ ಹೊತ್ತಿಗೆ ಎದೆ ಒಪ್ಪಲಿಲ್ಲ.

ಎರಡನೆಯ ಸಾಲಿಗೇ ಚೀಲ ಸೊರಗಿತು. ನಾನು ಕಲ್ಲಿನ ಮೇಲೆ ಕೂತುಬಿಟ್ಟೆ. ಫಿನ್ಲೆ ಹತ್ತಿರ ಬಂದು, "ನಂಗೆ ಒಂದು ಸ್ವರಾನೂ ಗೊತ್ತಿಲ್ಲಮ್ಮಾ. ಉಸಿರಿದೆ" ಎಂದ. ಊದುವ ಕೊಳವೆಯನ್ನು ಅವನ ಬಾಯಿಯ ಕಡೆ ತಿರುಗಿಸಿದೆ. ಅವನು ಊದಿದ, ನಾನು ಚೀಲ ಒತ್ತಿ ಬೆರಳಾಡಿಸಿದೆ. ಕೊನೆಯವರೆಗೆ ಅವನ ಕೆನ್ನೆ ಮೇಲೆ ನೀರಿಳಿಯುತ್ತಿತ್ತು, ಕೊಳವೆ ಬಿಡಲಿಲ್ಲ. "ಎಫಿಗೆ ಹೇಳ್ಬೇಡಿ. ಇದು ನೀವು ನಿಮ್ ಮಗನಿಗೆ ಊದಿದ್ದು" ಎಂದು ಕೇಳಿಕೊಂಡ. ಹೂಂ ಎಂದಿದ್ದೇನೆ.

ಆದರೂ ಹೇಳುತ್ತಿದ್ದೇನೆ. ಅವನ ಪಕ್ಕ ಹೇಗೆ ನಿಲ್ಲಲಿ ಎಂದು ಕೇಳಿದ್ದೆಯಲ್ಲ. ಲಾಕ್ಲನ್‌ನನ್ನು ಕಳಿಸಿಕೊಟ್ಟ ಉಸಿರು ಅವನದು. ಮೋಸವೇನೂ ಇಲ್ಲ, ಹೋಗಿ ನಿಲ್ಲು.